ಕ್ರೋಮ್ ಹೋದರೆ ಕಸುಬು ಹೋಗುವುದಿಲ್ಲ

ಕ್ಯಾಲಿಫೋರ್ನಿಯಾದ ಹಾಟ್ ರಾಡ್ ಮಂದಿ ಕೆಲವು ಕಾಲದಿಂದ ಸೂತಕದ ಮನೆಯವರಂತೆ ಮಾತಾಡುತ್ತಿದ್ದಾರೆ. 2023ರ ಮೇ ತಿಂಗಳಲ್ಲಿ ಆ ರಾಜ್ಯದ ವಾಯು ಸಂಪನ್ಮೂಲ ಮಂಡಳಿ ಒಂದು ನಿಯಮ ಮಾಡಿತು. ಅದರ ಪ್ರಕಾರ ಅಲಂಕಾರದ ಕ್ರೋಮ್ ಪ್ಲೇಟಿಂಗಿಗೆ ಹೆಕ್ಸಾವೇಲೆಂಟ್ ಕ್ರೋಮಿಯಂ ಬಳಸುವುದು 2027ರಿಂದ ನಿಲ್ಲಬೇಕು. ವಿಷದ ಗಾಳಿ ಹೊರಗೆ ಸೋರದಂತೆ ಕಟ್ಟಡವನ್ನು ಬಿಗಿ ಮಾಡಿಕೊಂಡವರಿಗೆ 2030ರವರೆಗೆ ಅವಕಾಶವಿದೆ. ಸವೆತ ತಡೆಯಲು ಯಂತ್ರಭಾಗಗಳಿಗೆ ಹಾಕುವ ಗಟ್ಟಿ ಕ್ರೋಮಿಗೆ ಗಡುವು 2039. ಇಷ್ಟಕ್ಕೇ ನಮ್ಮ ಪರಂಪರೆ ಮುಗಿಯಿತು, ಕೈಕಸುಬು ಮಣ್ಣುಪಾಲಾಯಿತು ಎಂಬ ಗೋಳು ಶುರುವಾಗಿದೆ.

ಈ ಗೋಳು ಸುಳ್ಳು ಎಂದು ಹೇಳಲಿಕ್ಕೇ ನಾನು ಬರೆಯುತ್ತಿದ್ದೇನೆ. ಹಾಟ್ ರಾಡ್‌ಗಳ ಶತ್ರುವಾಗಿ ಬರೆಯುತ್ತಿಲ್ಲ. ಅಲ್ಲಿನ ಒಂದು ಶೆಡ್ಡಿನಲ್ಲಿ ರಜೆಯ ದಿನಗಳನ್ನೆಲ್ಲ ಅರ ಮತ್ತು ಎಮರಿ ಪೇಪರ್ ಹಿಡಿದು ಕಳೆದವನು ನಾನು. ಆ ಕಸುಬು ಏನು, ಅದು ಎಲ್ಲಿ ನಡೆಯುತ್ತದೆ ಎಂಬುದನ್ನು ಅದರ ವಾರಸುದಾರರೇ ಮರೆತಿದ್ದಾರೆ ಅನ್ನುವುದು ನನ್ನ ತಕರಾರು.

ಹಾಟ್ ರಾಡ್ ಎಂದರೆ ಹಳೆಯ ಕಾರನ್ನು ಬಿಚ್ಚಿ, ಬೇಡದ್ದನ್ನು ಕಿತ್ತುಹಾಕಿ, ಇಂಜಿನ್ನಿನ ಕಸುವು ಹೆಚ್ಚಿಸಿ, ತನಗೆ ಬೇಕಾದ ಹಾಗೆ ಮತ್ತೆ ಕಟ್ಟಿಕೊಂಡ ಕಾರು. 1932ರಲ್ಲಿ ಫೋರ್ಡ್ ಕಂಪನಿ ಸಾಮಾನ್ಯರ ಕೈಗೆಟುಕುವ ಬೆಲೆಗೆ ವಿ-8 ಇಂಜಿನ್ನನ್ನು ಕೊಟ್ಟಿತು. 221 ಘನ ಇಂಚು, 65 ಅಶ್ವಶಕ್ತಿ. ಆ ಕಾರುಗಳು ಹಳತಾಗಿ ಗುಜರಿ ಸೇರುತ್ತಿದ್ದ ಹಾಗೆ ದಕ್ಷಿಣ ಕ್ಯಾಲಿಫೋರ್ನಿಯಾದ ಹುಡುಗರು ಅವನ್ನು ಅಗ್ಗಕ್ಕೆ ಕೊಂಡು, ಮಡ್‌ಗಾರ್ಡ್ ಕಳಚಿ, ಮ್ಯೂರಾಕ್, ಎಲ್ ಮಿರಾಜ್ ಎಂಬ ಒಣಕೆರೆಗಳ ಗಟ್ಟಿ ನೆಲದ ಮೇಲೆ ಓಡಿಸಿದರು. 1948ರ ಜನವರಿಯಲ್ಲಿ ‘ಹಾಟ್ ರಾಡ್’ ಪತ್ರಿಕೆ ಹುಟ್ಟಿತು. 1950ರಲ್ಲಿ ಓಕ್‌ಲೆಂಡ್‌ನಲ್ಲಿ ‘ಅಮೆರಿಕದ ಅತಿ ಸುಂದರ ರೋಡ್‌ಸ್ಟರ್’ ಎಂಬ ಬಹುಮಾನ ಶುರುವಾಯಿತು. ಮೊದಲ ವರ್ಷ ಅದನ್ನು ಗೆದ್ದದ್ದು ಬಿಲ್ ನೀಕ್ಯಾಂಪ್ ಕಟ್ಟಿದ 1929ರ ಫೋರ್ಡ್. ಪ್ರದರ್ಶನದಲ್ಲಿ ಗೆದ್ದ ಅದೇ ಕಾರನ್ನು ಆತ ಎಲ್ ಮಿರಾಜ್‌ನಲ್ಲಿ ಗಂಟೆಗೆ 140 ಮೈಲಿಗೂ ಮೀರಿದ ವೇಗದಲ್ಲಿ ಓಡಿಸಿದ. ಚೆಂದ ಕಾಣುವುದು ಚೆನ್ನಾಗಿ ಓಡಲೂ ಬೇಕು ಎಂಬುದು ಈ ಕಸುಬಿನ ಮೊದಲ ಹೆಮ್ಮೆ.

ಈಗ ಕಸುಬಿನ ವಿಷಯಕ್ಕೆ ಬರೋಣ. ಹಳೆಯ ಫೋರ್ಡಿನ ಮುಂದಿನ ಆಕ್ಸಲ್ ಅಚ್ಚಿನಲ್ಲಿ ಬಡಿದು ಮಾಡಿದ ಉಕ್ಕು. ಎರಡು ಅಚ್ಚುಗಳು ಕೂಡಿದ ಕಡೆ ಉದ್ದಕ್ಕೂ ಒಂದು ಏಣು ಉಳಿದಿರುತ್ತದೆ. ಕಾರ್ಖಾನೆಗೆ ಅದು ತೊಂದರೆಯಲ್ಲ, ಕಾರು ಅದರೊಂದಿಗೇ ಓಡುತ್ತದೆ. ಕಟ್ಟುವವನು ಅದನ್ನು ಗ್ರೈಂಡರ್‌ನಿಂದ ತಗ್ಗಿಸುತ್ತಾನೆ, ಆಮೇಲೆ ಅರ ಹಾಕುತ್ತಾನೆ, ಆಮೇಲೆ ಎಮರಿ ಪೇಪರ್ ಹಿಡಿಯುತ್ತಾನೆ. 80ರ ಗೀರುಗಳನ್ನು 120ರ ಪೇಪರ್ ತೆಗೆಯಬೇಕು, 120ರ ಗೀರುಗಳನ್ನು 220ರ ಪೇಪರ್ ತೆಗೆಯಬೇಕು, ಹೀಗೆ 400ರವರೆಗೆ. ನಡುವೆ ಒಂದು ಮೆಟ್ಟಿಲು ಹಾರಿದರೆ ಮೊದಲಿನ ಗೀರು ಕೊನೆಯವರೆಗೂ ಉಳಿಯುತ್ತದೆ. ಬ್ರೇಕ್ ಪೆಡಲ್ಲಿನ ಹಿಂಬದಿ, ಬ್ರಾಕೆಟ್ಟಿನ ಒಳಅಂಚು, ಯಾರ ಕಣ್ಣಿಗೂ ಬೀಳದ ವೆಲ್ಡಿಂಗ್ ಮೂಲೆ, ಎಲ್ಲಕ್ಕೂ ಇದೇ ಪಾಠ. ಒಂದು ಆಕ್ಸಲ್ಲಿಗೆ ವಾರಗಟ್ಟಲೆ ಬೇಕಾಗುತ್ತದೆ.

ಇದೆಲ್ಲ ಮುಗಿದ ಮೇಲೆ ಬರುವುದು ಕ್ರೋಮ್. ಅಲಂಕಾರದ ಪ್ಲೇಟಿಂಗಿನಲ್ಲಿ ಮೊದಲು ತಾಮ್ರದ ಪದರ ಕೂಡಿಸಿ ಬಫಿಂಗ್ ಮಾಡುತ್ತಾರೆ, ಅದರ ಮೇಲೆ ನಿಕ್ಕಲ್, ಕಟ್ಟಕಡೆಗೆ ಕ್ರೋಮ್. ಆ ಕೊನೆಯ ಪದರ ಸಾಮಾನ್ಯವಾಗಿ ಅರ್ಧ ಮೈಕ್ರಾನನ್ನೂ ದಾಟುವುದಿಲ್ಲ, ಅಂದರೆ ತಲೆಕೂದಲಿನ ದಪ್ಪದ ನೂರರಲ್ಲಿ ಒಂದು ಪಾಲಿಗಿಂತ ಕಡಿಮೆ. ನಾವು ಕಂಡು ಬೆರಗಾಗುವ ಹೊಳಪು ಬಹುಮಟ್ಟಿಗೆ ಅದರ ಕೆಳಗಿನ ನಿಕ್ಕಲಿನದು. ಕ್ರೋಮ್ ಅದು ಮಬ್ಬಾಗದಂತೆ ಕಾಯುತ್ತದೆ, ಒಂದಿಷ್ಟು ನೀಲಿ ಛಾಯೆ ಸೇರಿಸುತ್ತದೆ. ‘ಮೇಲೆ ಥಳಕು, ಒಳಗೆ ಹುಳುಕು’ ಎಂಬ ನಮ್ಮ ಗಾದೆ ಇಲ್ಲಿ ನಡೆಯುವುದಿಲ್ಲ. ಇಷ್ಟು ತೆಳುವಾದ ಪದರಕ್ಕೆ ಏನನ್ನೂ ಮುಚ್ಚುವ ಶಕ್ತಿಯಿಲ್ಲ. ಕೆಳಗಿನ ಗೀರನ್ನು ಅದು ಕನ್ನಡಿ ಹಿಡಿದು ತೋರಿಸುತ್ತದೆ. ಕಸುಬೆಲ್ಲ ತೊಟ್ಟಿಗೆ ಇಳಿಯುವ ಮೊದಲೇ ಮುಗಿದಿರುತ್ತದೆ. ಅರ ಹಿಡಿದ ಕೈ, ತಾಮ್ರಕ್ಕೆ ಬಫಿಂಗ್ ಮಾಡಿದ ಕೈ, ಇವನ್ನು ಯಾವ ಮಂಡಳಿಯೂ ನಿಷೇಧಿಸಿಲ್ಲ.

ಇನ್ನೂ ಒಳಗೆ ಹೋಗೋಣ. ಇಂಜಿನ್ನಿನ ಕನೆಕ್ಟಿಂಗ್ ರಾಡ್ ಒಂದು ನಿಮಿಷದಲ್ಲಿ ಸಾವಿರಾರು ಸಲ ಎಳೆತ ಒತ್ತಡಗಳನ್ನು ತಿನ್ನುತ್ತದೆ. ಅದರ ಮೈಮೇಲೆ ಅಡ್ಡಲಾಗಿ ಒಂದು ಗೀರಿದ್ದರೂ ಬಿರುಕು ಅಲ್ಲಿಂದ ಹುಟ್ಟಬಹುದು. ಅದಕ್ಕೇ ತಿಳಿದವರು ಅಚ್ಚಿನ ಏಣನ್ನು ತೆಗೆದು, ರಾಡಿನ ಉದ್ದಕ್ಕೇ ಉಜ್ಜಿ ನಯ ಮಾಡುತ್ತಾರೆ, ಅಡ್ಡಕ್ಕೆ ಉಜ್ಜುವುದಿಲ್ಲ. ಎರಕದ ಬ್ಲಾಕಿನ ಒಳಗೋಡೆಯ ಮುಳ್ಳುಗಳನ್ನು ಕೆರೆದು, ಗ್ಲಿಪ್ಟಲ್ ಎಂಬ ಬಣ್ಣ ಬಳಿಯುವ ಹಳೆಯ ರೂಢಿಯೂ ಇದೆ. ಎರಕದ ಸಂದಿನ ಮರಳು ಎಣ್ಣೆಗೆ ಬೀಳದಿರಲಿ, ಎಣ್ಣೆ ಬೇಗ ಕೆಳಗಿಳಿಯಲಿ ಎಂಬುದು ಅದರ ಉದ್ದೇಶ. ಇಂಜಿನ್ ಮುಚ್ಚಿದ ಮೇಲೆ ಈ ಎರಡನ್ನೂ ಯಾರೂ ನೋಡುವುದಿಲ್ಲ. ಇಲ್ಲಿ ನಯ ಎಂಬುದು ಅಲಂಕಾರವಲ್ಲ, ಆಯುಷ್ಯ.

ಹೊಳಪಿನ ಹುಚ್ಚು ಹತ್ತಿದಾಗ ಈ ವಿವೇಕ ಹೇಗೆ ತಲೆಕೆಳಗಾಗುತ್ತದೆ ನೋಡಿ. ಅಮೆರಿಕದ ಬೋಲ್ಟುಗಳ ತಲೆಯ ಮೇಲೆ ಗೆರೆಗಳಿರುತ್ತವೆ. ಮೂರು ಗೆರೆ ಇದ್ದರೆ ಗ್ರೇಡ್ 5, ಆರು ಇದ್ದರೆ ಗ್ರೇಡ್ 8. ನಾನು ಎಷ್ಟು ಭಾರ ತಡೆಯುತ್ತೇನೆ ಎಂದು ಬೋಲ್ಟ್ ತಾನೇ ಹೇಳಿಕೊಳ್ಳುವ ಮಾತದು. ಪ್ರದರ್ಶನದ ಕಾರು ಕಟ್ಟುವವರು ತಲೆ ನುಣ್ಣಗೆ ಹೊಳೆಯಲಿ ಎಂದು ಆ ಗೆರೆಗಳನ್ನೇ ಉಜ್ಜಿಹಾಕುತ್ತಾರೆ. ನಾಳೆ ಅದನ್ನು ಬಿಚ್ಚುವವನಿಗೆ ಕೈಯಲ್ಲಿರುವ ಬೋಲ್ಟ್ ಯಾವುದೆಂದು ತಿಳಿಯುವುದಿಲ್ಲ. ಇನ್ನೊಂದು ಅಪಾಯ ಕಣ್ಣಿಗೇ ಕಾಣದ್ದು. ಹೆಚ್ಚು ಬಲದ ಉಕ್ಕನ್ನು ಆಮ್ಲದಲ್ಲಿ ತೊಳೆದು ಪ್ಲೇಟಿಂಗ್ ಮಾಡುವಾಗ ಹೈಡ್ರೋಜನ್ ಅದರೊಳಕ್ಕೆ ಸೇರಿಕೊಳ್ಳುತ್ತದೆ. ತಡಮಾಡದೆ ಸುಮಾರು 190 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಗಂಟೆಗಟ್ಟಲೆ ಕಾಯಿಸಿ ಅದನ್ನು ಹೊರಗೆ ಹಾಕದಿದ್ದರೆ, ಬಿಗಿದು ಕೂರಿಸಿದ ಬೋಲ್ಟ್ ಒಂದು ದಿನ ಯಾವ ಸೂಚನೆಯೂ ಇಲ್ಲದೆ ತುಂಡಾಗಬಹುದು. ಚೆಂದಕ್ಕಾಗಿ ಬಲ ತೆಗೆಯುವುದನ್ನು ಕಸುಬು ಎಂದು ಕರೆಯುವುದು ಹೇಗೆ?

ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ಓಡಿದವರೂ ಇದ್ದಾರೆ. ಅವರದು ತುಕ್ಕಿನ ಆರಾಧನೆ. ವೆಲ್ಡಿಂಗಿನ ಗಂಟುಗಳನ್ನು ಹಾಗೇ ಬಿಟ್ಟು, ತುಕ್ಕಿನ ಮೇಲೆ ಪಾರದರ್ಶಕ ವಾರ್ನಿಷ್ ಹೊಡೆದು, ನಮ್ಮದು ಪ್ರಾಮಾಣಿಕ ಕಾರು, ಒರಟೇ ಸತ್ಯ ಎನ್ನುತ್ತಾರೆ. ಸಾಲದ್ದಕ್ಕೆ ಹೊಸ ತಗಡಿಗೆ ರಾಸಾಯನಿಕ ಬಳಿದು ತುಕ್ಕು ಹಿಡಿಸುವವರೂ ಇದ್ದಾರೆ. ಸಾಹಿತ್ಯದ ವಿದ್ಯಾರ್ಥಿಗಳಿಗೆ ಈ ವಾದದ ಧಾಟಿ ಹೊಸದೇನಲ್ಲ. ತಿದ್ದದ ಬರಹವೇ ಎದೆಯಿಂದ ಬಂದದ್ದು ಎಂದು ನಮ್ಮಲ್ಲೂ ಹೇಳುವವರುಂಟು. ಬರವಣಿಗೆಯಲ್ಲಿ ಅದು ಓದುಗನಿಗೆ ಬೇಸರ ತಂದೀತು, ಅಷ್ಟೆ. ಆದರೆ ನಾಜೂಕಿಲ್ಲದ ವೆಲ್ಡಿಂಗಿನ ಸಂದಿನಿಂದ ಬಿರುಕು ಬಿಟ್ಟರೆ ಹೋಗುವುದು ಕಾರಿನಲ್ಲಿ ಕುಳಿತವನ ಜೀವ. ತುಕ್ಕಿನ ಬಣ್ಣವೂ ಕ್ರೋಮಿನ ಹಾಗೆಯೇ ಒಂದು ಮೇಲ್ಪದರ. ಇಬ್ಬರೂ ತೊಗಲನ್ನು ನೋಡುತ್ತಿದ್ದಾರೆ, ಒಬ್ಬರಿಗೆ ಹೊಳಪು ಬೇಕು, ಇನ್ನೊಬ್ಬರಿಗೆ ಕೊಳೆ ಬೇಕು.

ಈ ತೊಗಲಿನ ನೋಟಕ್ಕೆ ಸಾಹಿತ್ಯದ ಮನ್ನಣೆ ತಂದವರು ಟಾಮ್ ವುಲ್ಫ್. 1963ರಲ್ಲಿ ‘ಎಸ್ಕ್ವೈರ್’ ಪತ್ರಿಕೆಗೆ ಅವರು ಕ್ಯಾಲಿಫೋರ್ನಿಯಾದ ಕಾರು ಕಟ್ಟುವವರ ಬಗ್ಗೆ ಬರೆದ ಪ್ರಬಂಧ 1965ರಲ್ಲಿ ಬಂದ ಅವರ ಮೊದಲ ಪುಸ್ತಕಕ್ಕೆ ಹೆಸರು ಕೊಟ್ಟಿತು. ಹೊಸ ಪತ್ರಿಕೋದ್ಯಮದ ಆರಂಭದ ಮಾದರಿ ಎಂದು ಅದನ್ನು ಈಗಲೂ ತರಗತಿಗಳಲ್ಲಿ ಓದಿಸುತ್ತಾರೆ. ಜಾರ್ಜ್ ಬ್ಯಾರಿಸ್, ಎಡ್ ರಾತ್ ಅಂಥವರನ್ನು ಕಲಾವಿದರೆಂದು ಕರೆಯುವ ಧೈರ್ಯ ವುಲ್ಫ್ ತೋರಿದರು, ಆ ಋಣ ದೊಡ್ಡದು. ಆದರೆ ಅವರ ಕಣ್ಣು ನೆಟ್ಟದ್ದು ರೂಪದ ಮೇಲೆ, ಶೈಲಿಯ ಮೇಲೆ, ಯುದ್ಧಾನಂತರದ ಹಣ ಸಾಮಾನ್ಯರಿಗೆ ಕೊಟ್ಟ ಮೆರೆದಾಟದ ಮೇಲೆ. ಅಲ್ಲಿಂದೀಚೆಗೆ ಈ ಕಾರುಗಳ ಬಗ್ಗೆ ಬಂದ ಬಹಳಷ್ಟು ಬರಹ ಹೊಳಪಿನಲ್ಲಿ ತನ್ನ ಮುಖವನ್ನು ನೋಡಿಕೊಂಡು ಮುಂದೆ ಹೋಗಿದೆ. ಆ ಹೊಳಪನ್ನು ತೊಟ್ಟಿಯಿಂದ ಎತ್ತಿದವರು ಯಾರು ಎಂದು ನಿಂತು ಕೇಳಿದ್ದು ಕಡಿಮೆ.

ಕೇಳಬೇಕಾದ ಪ್ರಶ್ನೆ ಅದೇ. ಕ್ರೋಮ್ ತೊಟ್ಟಿಯಲ್ಲಿ ಹರಿಯುವ ವಿದ್ಯುತ್ತಿನ ಹೆಚ್ಚಿನ ಪಾಲು ಲೋಹ ಕೂರಿಸುವುದಕ್ಕಲ್ಲ, ಹೈಡ್ರೋಜನ್ ಗುಳ್ಳೆ ಎಬ್ಬಿಸುವುದಕ್ಕೇ ಹೋಗುತ್ತದೆ. ಗುಳ್ಳೆಗಳು ಒಡೆದಾಗ ಕ್ರೋಮಿಕ್ ಆಮ್ಲದ ಸಣ್ಣ ಹನಿಗಳು ಮಂಜಿನಂತೆ ಗಾಳಿಗೆ ಏಳುತ್ತವೆ. ಅದನ್ನು ಉಸಿರಾಡಿದ ಕೆಲಸಗಾರರ ಮೂಗಿನ ನಡುಗೋಡೆ ತೂತು ಬೀಳುತ್ತಿದ್ದುದು ವೈದ್ಯರಿಗೆ ಬಹಳ ಹಿಂದಿನಿಂದ ಗೊತ್ತು. ಹೆಕ್ಸಾವೇಲೆಂಟ್ ಕ್ರೋಮಿಯಂ ಶ್ವಾಸಕೋಶದ ಕ್ಯಾನ್ಸರ್ ತರುತ್ತದೆ ಎಂಬುದರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಗೆ ಅನುಮಾನವಿಲ್ಲ, ಅದನ್ನು ಮೊದಲನೆಯ ಗುಂಪಿನಲ್ಲೇ ಇಟ್ಟಿದೆ. ಡೀಸೆಲ್ ಹೊಗೆಗಿಂತ ಇದು 500 ಪಟ್ಟು ವಿಷಕಾರಿ ಎನ್ನುತ್ತದೆ ಕ್ಯಾಲಿಫೋರ್ನಿಯಾದ ಮಂಡಳಿ. ‘ಎರಿನ್ ಬ್ರಾಕೋವಿಚ್’ ಸಿನಿಮಾ ನೋಡಿದವರಿಗೆ ಹಿಂಕ್ಲಿ ಎಂಬ ಊರು ನೆನಪಿರಬಹುದು. ಅಲ್ಲಿ ಅಂತರ್ಜಲ ಸೇರಿದ್ದು ಇದೇ ವಿಷ. ಅದರ ಮೂಲ ಪ್ಲೇಟಿಂಗ್ ಅಲ್ಲ, ಗ್ಯಾಸ್ ಕಂಪನಿಯೊಂದರ ಸ್ಥಾವರದ ತಣಿಸುವ ನೀರು. 1996ರಲ್ಲಿ 33.3 ಕೋಟಿ ಡಾಲರ್ ಪರಿಹಾರದ ಒಪ್ಪಂದವಾಯಿತು. ಹಿಂಕ್ಲಿ ಇರುವುದು ಮೊಜಾವೆ ಮರುಭೂಮಿಯಲ್ಲಿ, ಹಾಟ್ ರಾಡ್‌ಗಳು ಓಡಿದ ಎಲ್ ಮಿರಾಜ್ ಕೂಡ ಅಲ್ಲೇ.

ಎದುರು ವಾದಗಳಲ್ಲಿ ಹುರುಳಿಲ್ಲವೆಂದಲ್ಲ. ಒಟ್ಟು ಲೆಕ್ಕದಲ್ಲಿ ನಮ್ಮ ಪಾಲು ತೀರಾ ಚಿಕ್ಕದು ಎನ್ನುತ್ತಾರೆ ಪ್ಲೇಟಿಂಗ್ ಅಂಗಡಿಯವರು. ಇಡೀ ರಾಜ್ಯದ ಲೆಕ್ಕ ಅದು. ಅಂಗಡಿಯ ಹಿಂದಿನ ಗೋಡೆಗೆ ಅಂಟಿಕೊಂಡ ಮನೆಯವರು ರಾಜ್ಯದ ಸರಾಸರಿಯನ್ನು ಉಸಿರಾಡುವುದಿಲ್ಲ, ಆ ಬೀದಿಯ ಗಾಳಿಯನ್ನು ಉಸಿರಾಡುತ್ತಾರೆ. ಬದಲಿಗೆ ಬಂದಿರುವ ಟ್ರೈವೇಲೆಂಟ್ ಕ್ರೋಮಿನ ಬಣ್ಣ ತುಸು ಬೇರೆ, ಹಳೆಯ ಬಂಪರಿನ ಪಕ್ಕ ಹೊಂದುವುದಿಲ್ಲ ಎಂಬುದು ಇನ್ನೊಂದು ದೂರು. ನಿಜ, ಕಣ್ಣಿದ್ದವರಿಗೆ ವ್ಯತ್ಯಾಸ ಕಾಣುತ್ತದೆ. ಒಂದು ಛಾಯೆಯ ನೀಲಿಗಾಗಿ ಇನ್ನೊಬ್ಬರ ಶ್ವಾಸಕೋಶ ಕೇಳುವುದು ಸರಿಯೇ ಎಂಬುದಕ್ಕೆ ಮಾತ್ರ ಆ ದೂರಿನಲ್ಲಿ ಉತ್ತರವಿಲ್ಲ.

ಗಟ್ಟಿಯಾದ ವಾದ ಮೂರನೆಯದು. ಸಣ್ಣ ಅಂಗಡಿಗಳು ಮುಚ್ಚುತ್ತವೆ, ಕೆಲಸಗಾರರು ಬೀದಿಗೆ ಬೀಳುತ್ತಾರೆ, ತೊಟ್ಟಿಗಳು ನಿಯಮ ಸಡಿಲವಿರುವ ಇನ್ನೊಂದು ಕಡೆಗೆ ಹೋಗುತ್ತವೆ. ಈ ಭಯ ನಿಜವಾದದ್ದು. ಹಾಗಾದರೆ ಬೇಕಾದದ್ದು ಅಂಗಡಿ ಬದಲಾಗಲು ಹಣದ ನೆರವು, ಕೆಲಸಗಾರರಿಗೆ ಹೊಸ ತರಬೇತಿ. ಒಂದು ಕಾರಿಗೆ ಲಕ್ಷಾಂತರ ಡಾಲರ್ ಸುರಿಯುವ ಶ್ರೀಮಂತರು ಇದಕ್ಕಾಗಿ ದನಿ ಎತ್ತಿದ್ದರೆ ಅವರ ಕಣ್ಣೀರನ್ನು ನಂಬಬಹುದಿತ್ತು. ಅವರು ಕೆಲಸಗಾರನ ಹೆಸರನ್ನು ಮುಂದೆ ಮಾಡಿ ತಮ್ಮ ಬಂಪರನ್ನು ಉಳಿಸಿಕೊಳ್ಳಲು ನೋಡುತ್ತಿದ್ದಾರೆ.

ತೊಟ್ಟಿಗಳು ಬೇರೆ ಕಡೆಗೆ ಹೋಗುತ್ತವೆ ಎಂದಾಗ ಕನ್ನಡಿಗರಾದ ನಾವು ಕಿವಿ ನೆಟ್ಟಗೆ ಮಾಡಬೇಕು. ಆ ‘ಬೇರೆ ಕಡೆ’ ಹೇಗಿರುತ್ತದೆ ಎಂದು ನೋಡಲು ಪೀಣ್ಯಕ್ಕೆ ಹೋದರೆ ಸಾಕು. ಎಲೆಕ್ಟ್ರೋಪ್ಲೇಟಿಂಗ್ ಘಟಕಗಳು ಒತ್ತೊತ್ತಾಗಿರುವ ಆ ಕೈಗಾರಿಕಾ ಪ್ರದೇಶದ ಅಂತರ್ಜಲದಲ್ಲಿ ಕ್ರೋಮಿಯಂ ಸಿಕ್ಕಿರುವುದು ಹಳೆಯ ಸಂಗತಿ. ಬುಲೆಟ್ಟಿನ ಸೈಲೆನ್ಸರ್ ಫಳಫಳ ಹೊಳೆಯಲಿ ಎಂದು ಬಯಸುವ ನಾವೂ ಆ ತೊಟ್ಟಿಯ ಗಿರಾಕಿಗಳೇ. ಕ್ಯಾಲಿಫೋರ್ನಿಯಾ ಬೇಡವೆಂದದ್ದನ್ನು ನಾವು ಉದ್ಯೋಗದ ಹೆಸರಿನಲ್ಲಿ ಬರಮಾಡಿಕೊಂಡರೆ, ಅದರ ಬಿಲ್ಲು ಬರುವುದು ಬೋರ್‌ವೆಲ್ಲಿನ ನೀರಿನಲ್ಲಿ.

ಹಾಗಾದರೆ ಹಾಟ್ ರಾಡ್ ಕಟ್ಟುವವನು ಏನು ಮಾಡಬೇಕು? ದಾರಿಗಳು ಬೇಕಾದಷ್ಟಿವೆ. ಟ್ರೈವೇಲೆಂಟ್ ಕ್ರೋಮ್ ಇದೆ, ಬಣ್ಣವಿದೆ. ಸ್ಟೇನ್‌ಲೆಸ್ ಉಕ್ಕನ್ನು ಕೈಯಿಂದಲೇ ಕನ್ನಡಿಯಂತೆ ಮಾಡಬಹುದು. ಬರಿಯ ಉಕ್ಕನ್ನೇ ನಯ ಮಾಡಿ ಆಗಾಗ ಎಣ್ಣೆ ಒರೆಸುತ್ತಿದ್ದರೂ ಚೆಂದವೇ, ಅದಕ್ಕೆ ದಿನವೂ ಒಂದು ಬಟ್ಟೆ ಮತ್ತು ತಾಳ್ಮೆ ಬೇಕು ಅಷ್ಟೆ. ಇವುಗಳಲ್ಲಿ ಯಾವುದನ್ನು ಆರಿಸಿಕೊಂಡರೂ ಅದಕ್ಕೆ ಮುಂಚಿನ ಅರದ ಕೆಲಸದಲ್ಲಿ ಒಂದು ಗಂಟೆಯೂ ಕಡಿಮೆಯಾಗುವುದಿಲ್ಲ.

ಬದಲಾಗಬೇಕಾದವರು ತೀರ್ಪುಗಾರರು. ಸ್ಪರ್ಧೆಗಳಲ್ಲಿ ಅವರು ಕಾರಿನ ಕೆಳಗೆ ಕನ್ನಡಿ ಇಟ್ಟು ಹೊಳಪು ನೋಡುತ್ತಾರೆ. ಇನ್ನು ಮೇಲೆ ಬೆರಳಿಟ್ಟು ನೋಡಲಿ. ಬ್ರಾಕೆಟ್ಟಿನ ಒಳಅಂಚು ಕೈಗೆ ಚುಚ್ಚುತ್ತದೆಯೇ? ಬೋಲ್ಟಿನ ತಲೆಯ ಗೆರೆಗಳು ಉಳಿದಿವೆಯೇ? ಈ ಆಕ್ಸಲ್ಲಿಗೆ ಅರ ಹಾಕಿದವರು ಯಾರು, ಪ್ಲೇಟಿಂಗ್ ಮಾಡಿದವರು ಯಾರು, ಯಾವ ತೊಟ್ಟಿಯಲ್ಲಿ? ಈ ಪ್ರಶ್ನೆಗಳಿಗೆ ಉತ್ತರ ಕೊಡಲಾಗದ ಕಾರು ಎಷ್ಟೇ ಥಳಥಳಿಸಲಿ, ಅದಕ್ಕೆ ಬಹುಮಾನ ಕೊಡಬೇಡಿ.