ಕಣ್ಣಿನ ಕೆಂಪು ಮತ್ತು ನಮ್ಮ ಪಿಸುಮಾತು

ಹುಣಸೂರು, ಪಿರಿಯಾಪಟ್ಟಣದ ಕಡೆ ಕಣ್ಣು ಕೆಂಪಾದರೆ ಕಾರಣ ಹುಡುಕುವ ಕಷ್ಟವಿಲ್ಲ. ಹೊಗೆಸೊಪ್ಪಿನ ಬ್ಯಾರನ್ ಇದೆ, ದೂಳಿದೆ, ಆಗಾಗ ಊರಿಗೇ ಹರಡುವ ಮದ್ರಾಸ್ ಐ ಇದೆ. ಮೆಡಿಕಲ್ ಶಾಪಿನಿಂದ ಒಂದು ಡ್ರಾಪ್ಸ್ ತಂದು ಹಾಕಿಕೊಂಡರೆ ಮುಗಿಯಿತು. ಕೆಂಗಣ್ಣೆಲ್ಲ ಎಚ್‌ಐವಿ ಎಂದು ಹೆದರಿಸುವುದು ನಮ್ಮ ಉದ್ದೇಶವಲ್ಲ.

ಆದರೆ ಯುವಕನೊಬ್ಬನ ಹಣೆಯ ಒಂದೇ ಬದಿಯಲ್ಲಿ, ರೆಪ್ಪೆಯ ಮೇಲೆ ಉರಿಯುವ ಗುಳ್ಳೆಗಳೆದ್ದು ಕಣ್ಣು ಕೆಂಪಾದರೆ? ಅದು ಸರ್ಪಸುತ್ತು. ಚಿಕನ್‌ಪಾಕ್ಸ್ ತಂದ ವೈರಸ್ ನರದಲ್ಲಿ ಅಡಗಿದ್ದು, ರೋಗನಿರೋಧಕ ಶಕ್ತಿ ಕುಗ್ಗಿದಾಗ ಮತ್ತೆ ಏಳುತ್ತದೆ. ವಯಸ್ಸಾದವರಲ್ಲಿ ಇದು ಸಾಮಾನ್ಯ. ಪ್ರಾಯದವರಲ್ಲಿ ಎಚ್‌ಐವಿಯ ಮೊದಲ ಸೂಚನೆಯೂ ಆಗಿರಬಹುದು. ಬೆಳಕು ನೋಡಲಾಗದ ನೋವು, ಮಂಜಾಗುವ ದೃಷ್ಟಿಯೊಂದಿಗೆ ಬರುವ ಕಣ್ಣಿನೊಳಗಿನ ಉರಿಯೂತವೂ ಕೆಲವೊಮ್ಮೆ ಹಾಗೆಯೇ. ನಾವು ಮಾಡುವುದೇನು? ಕೆಮ್ಮಣ್ಣು ಬಳಿಯುತ್ತೇವೆ. ಇಲ್ಲವೇ ಪರೀಕ್ಷೆಯಿಲ್ಲದೆ ಸ್ಟೀರಾಯ್ಡ್ ಡ್ರಾಪ್ಸ್ ಹಾಕುತ್ತೇವೆ. ಕೆಲವು ವೈರಸ್ ಸೋಂಕುಗಳಲ್ಲಿ ಅದು ಕಣ್ಣನ್ನೇ ಕೆಡಿಸುತ್ತದೆ.

ಇದನ್ನು ಬರೀ ಅಜ್ಞಾನವೆಂದು ನಾವು ಒಪ್ಪುವುದಿಲ್ಲ. ರಕ್ತಪರೀಕ್ಷೆಗೆ ಬರೆದರೆ ರೋಗಿ ಏನೆಂದುಕೊಂಡಾನೋ ಎಂದು ವೈದ್ಯರಿಗೆ ಸಂಕೋಚ. ತಾಲೂಕು ಆಸ್ಪತ್ರೆಯ ಆ ಕೊಠಡಿಯ ಮುಂದೆ ನಿಂತರೆ ಊರೇ ಮಾತಾಡೀತು ಎಂದು ರೋಗಿಗೆ ಭಯ. ಆ ಊರು ಯಾರು? ನಾವೇ. ಕಾಯಿಲೆಯ ಹೆಸರು ಕೇಳಿದೊಡನೆ ನಡತೆಯ ವಿಚಾರಣೆಗೆ ಕೂರುವವರು ನಾವು. ಗಂಡನಿಂದ ಸೋಂಕು ತಗುಲಿಸಿಕೊಂಡ ಹೆಣ್ಣನ್ನೂ ಈ ನ್ಯಾಯಪೀಠ ಬಿಡುವುದಿಲ್ಲ.

ತಡವಾದಷ್ಟೂ ನಷ್ಟ. ಸಿಡಿ4 ಕಣಗಳು 50ಕ್ಕಿಂತ ಕೆಳಗಿಳಿದಾಗ ರೆಟಿನಾವನ್ನು ತಿನ್ನುವ ಸಿಎಂವಿ ಸೋಂಕಿನಲ್ಲಿ ಕಣ್ಣು ಕೆಂಪಾಗುವುದೂ ಇಲ್ಲ, ನೋಯುವುದೂ ಇಲ್ಲ. ಸದ್ದಿಲ್ಲದೆ ದೃಷ್ಟಿ ಹೋಗುತ್ತದೆ.

ಮದ್ದಿಲ್ಲ ಎಂಬ ನೆಪವೂ ಈಗ ಉಳಿದಿಲ್ಲ. 2004ರಿಂದ ಸರಕಾರ ಎಆರ್‌ಟಿ ಔಷಧಿಯನ್ನು ಉಚಿತವಾಗಿ ಕೊಡುತ್ತಿದೆ. 2017ರಿಂದ ಸೋಂಕು ಖಚಿತವಾದ ಪ್ರತಿಯೊಬ್ಬರಿಗೂ, ಸಿಡಿ4 ಎಷ್ಟೇ ಇರಲಿ, ಚಿಕಿತ್ಸೆ ಸಿಗುತ್ತದೆ. ತಪ್ಪದೆ ಔಷಧಿ ತೆಗೆದುಕೊಂಡು ರಕ್ತದಲ್ಲಿ ವೈರಸ್ ಪತ್ತೆಯಾಗದ ಮಟ್ಟಕ್ಕಿಳಿದರೆ ಲೈಂಗಿಕ ಸಂಪರ್ಕದಿಂದ ಸಂಗಾತಿಗೂ ಹರಡುವುದಿಲ್ಲ. ಕಣ್ಣೀರಿನಿಂದ, ಕಣ್ಣೊರೆಸಿದ ಬಟ್ಟೆಯಿಂದ ಎಚ್‌ಐವಿ ಬರುವುದಿಲ್ಲ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂತು. ಅದರ ಪ್ರಕಾರ ಒಪ್ಪಿಗೆಯಿಲ್ಲದೆ ಪರೀಕ್ಷಿಸುವಂತಿಲ್ಲ, ಫಲಿತಾಂಶ ಬಯಲುಮಾಡುವಂತಿಲ್ಲ, ಕೆಲಸದಿಂದ, ಶಾಲೆಯಿಂದ, ಬಾಡಿಗೆ ಮನೆಯಿಂದ ಹೊರಹಾಕುವಂತಿಲ್ಲ. 1097ಕ್ಕೆ ಕರೆ ಮಾಡಿದರೆ ಉಚಿತ ಮಾಹಿತಿ ಸಿಗುತ್ತದೆ.

ಕಾನೂನಿದೆ, ಔಷಧಿಯಿದೆ. ಇಲ್ಲದಿರುವುದು ನಮ್ಮ ನಾಲಿಗೆಗೆ ಕಡಿವಾಣ. ನೆರೆಯವನ ನಡತೆ ಅಳೆಯುವ ಹಕ್ಕು ನಮಗಾರೂ ಕೊಟ್ಟಿಲ್ಲ. ಅವನ ಕಣ್ಣು ಉಳಿಸುವ ಹೊಣೆ ಮಾತ್ರ ನಮ್ಮ ಮೇಲಿದೆ.