ರಾಜಿ ಬೇಡ, ನ್ಯಾಯ ಬೇಕು

ಶಾಲೆಯಲ್ಲಿ ಮಕ್ಕಳು ಜಗಳ ಆಡಿದರೆ ಮೇಷ್ಟ್ರು ಏನು ಮಾಡ್ತಾರೆ? ಇಬ್ಬರಿಗೂ ಒಂದೊಂದು ಏಟು, ಆಮೇಲೆ 'ರಾಜಿ ಆಗ್ರೋ' ಅನ್ನೋ ಉಪದೇಶ. ಬಳಪ ಕಿತ್ಕೊಂಡ ಜಗಳಕ್ಕೂ ಜಾತಿ ಹಿಡಿದು ಬೈದ ಜಗಳಕ್ಕೂ ಒಂದೇ ಮದ್ದು! ಊಟದ ಸಾಲಿನಲ್ಲಿ 'ಅತ್ಲಾಗೆ ಕೂತ್ಕೊ' ಅನ್ನೋದು ಮಕ್ಕಳ ಜಗಳವಲ್ಲ. ಊರಿನ ಪಂಚಾಯ್ತಿ ಕಟ್ಟೆ ಶಾಲೆಯೊಳಗೆ ಬಂದು ಕೂತಿದೆ. ಬೈದವನಿಗೂ ಬೈಸಿಕೊಂಡವನಿಗೂ ಸಮನಾದ ಏಟು ಸಮಾನತೆಯಲ್ಲ.

ಸಾತಾರದ ಶಾಲೆಯಲ್ಲಿ ಬಾಲಕ ಭೀಮರಾವ್ ಮೂಲೆಯಲ್ಲಿ, ಗೋಣಿತಟ್ಟಿನ ಮೇಲೆ ಕೂತರು. ಜವಾನ ನಲ್ಲಿ ತಿರುಗಿಸದಿದ್ದರೆ ನೀರೇ ಇಲ್ಲ. ಹೊರಗಿನವರ ಕಣ್ಣಿಗೆ ಅಲ್ಲೂ ಜಗಳವಿಲ್ಲ, ಎಲ್ಲಾ ಶಾಂತ. ಅಂಥ ಶಾಂತಿ ನಮಗೆ ಬೇಡ.

ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ಮಕ್ಕಳಿಗೆ ಹೊಡೆಯುವುದನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಮೇಷ್ಟ್ರೇ, ಬೆತ್ತ ಬಿಸಾಕಿ. ಮಕ್ಕಳನ್ನು ಸುತ್ತ ಕೂರಿಸಿ. ನೊಂದವನು ಮೊದಲು ಮಾತಾಡಲಿ, ಬೈದವನು ಕೇಳಿಸಿಕೊಳ್ಳಲಿ. 'ಈ ಮಾತು ಎಲ್ಲಿ ಕಲಿತೆ ಮಗಾ?' ಅಂತ ಕೇಳಿ. ಉತ್ತರ ಮನೆಗೇ ಹೋಗುತ್ತೆ. ನೀವೂ ಆ ಮನೆಗೆ ಹೋಗಿ.

ಹಾಸ್ಟೆಲ್ ಗೆಳೆಯರೇ, ಊರಿಗೆ ಹೋದಾಗ ನಾವು ಓದಿದ ಶಾಲೆಯ ಒಳಹೊಕ್ಕು ನೋಡೋಣ. ಊಟಕ್ಕೆ ಯಾರ ಪಕ್ಕ ಯಾರು ಕೂತಿದ್ದಾರೆ? ಪೊರಕೆ ದಿನಾ ಯಾರ ಕೈಲಿದೆ? ನೋಡಿ ಸುಮ್ಮನೆ ಬರೋದು ಬೇಡ, ಕೇಳೋಣ.