ನಮ್ಮ ದುಡ್ಡು ಕೇಳಾಕೆ ನಮಗ್ಯಾಕೆ ನಾಚಿಕೆ?

ಪಂಚಮಿ ಹಬ್ಬದ ಮುಂಚೆ ನ್ಯಾಮತಿಯಿಂದ ಹೊನ್ನಾಳಿಗೆ ಸಂತೆ ಮಾಡಾಕೆ ಹೋಗಿದ್ದೆ. ಉಂಡಿಗೆ ಶೇಂಗಾ, ಎಳ್ಳು, ಬೆಲ್ಲ, ಜೊತೆಗೆ ತಿಂಗಳ ದಿನಸಿ ಎಲ್ಲ ಸೇರಿ 1,840 ರೂಪಾಯಿ ಆತು. ಫೋನ್ ಹಿಡಿದು ಸ್ಕ್ಯಾನ್ ಮಾಡಿದೆ. ನನ್ನ ಖಾತೆಯಾಗೆ ದುಡ್ಡು ಕಟ್ ಆತು, ಅಂಗಡಿಯವರ ಡಬ್ಬಿ ಮಾತ್ರ ಬಾಯೇ ಬಿಡಲಿಲ್ಲ. "ತಡೀರಿ ಅಕ್ಕಾ, ಬರ್ತೈತೆ" ಅಂದ್ರು. ಹತ್ತು ನಿಮಿಷ ಆದ್ರೂ ಬರಲಿಲ್ಲ. ಪಾಪ ಅವರದೇನು ತಪ್ಪು? ಪರ್ಸಿನಾಗಿದ್ದ ನೋಟು ಎಣಿಸಿ ಕೊಟ್ಟು ಬಂದೆ.

ಮಾರನೇ ದಿನ ಬ್ಯಾಂಕಿಗೆ ಹೋದ್ರೆ "ಆ್ಯಪಿನವರನ್ನ ಕೇಳ್ರಿ" ಅಂದ್ರು. ಆ್ಯಪಿನವರು "ಬ್ಯಾಂಕಿಗೆ ಕೇಳ್ರಿ, ಏಳು ವರ್ಕಿಂಗ್ ಡೇ ಕಾಯ್ರಿ" ಅಂದ್ರು. ಚನ್ನಗಿರಿಯಾಗಿರೋ ನನ್ನ ತಂಗಿ ಫೋನಿನಾಗೆ, "ಬಿಡಕ್ಕಾ, ಅಷ್ಟು ಸಣ್ಣ ದುಡ್ಡಿಗೆ ಯಾರು ಅಲೀತಾರೆ" ಅಂದ್ಲು. ನನಗೆ ಸಿಟ್ಟು ಬಂದದ್ದು ಬ್ಯಾಂಕಿನವರ ಮಾತಿಗಿಂತ ಈ ಮಾತಿಗೆ.

ಸಣ್ಣ ದುಡ್ಡು ಅಂದ್ರೆ ಯಾರಿಗೆ ಸಣ್ಣದು? ನಮ್ಮ ಮನೆಯಾಗೆ ಅದು ಗ್ಯಾಸು, ಹಾಲಿನ ಬಾಬ್ತು. ಮಳೆ ಕೈಕೊಟ್ಟ ವರ್ಷ ಜಗಳೂರಿನ ನನ್ನ ತವರಿನಾಗೆ ಅದು ಕೂಲಿಯವರ ಬಟವಾಡೆ. ಸಾಲದ ಕಂತು ಒಂದು ದಿನ ತಡ ಆದ್ರೆ ದಂಡ ಹಾಕ್ತಾರೆ, ಫೋನ್ ಮೇಲೆ ಫೋನ್ ಮಾಡ್ತಾರೆ. ಅವರು ತಡ ಮಾಡಿದ್ರೆ ಮಾತ್ರ ನಾವು ಕೈಕಟ್ಟಿ ನಿಂತು "ಸಾರ್, ಸ್ವಲ್ಪ ನೋಡ್ರಿ" ಅನ್ನಬೇಕಾ?

ಬೇಕಾಗಿಲ್ಲ. ರಿಸರ್ವ್ ಬ್ಯಾಂಕಿನವರು 2019ರ ಸೆಪ್ಟೆಂಬರಿನಾಗೇ ಇದಕ್ಕೊಂದು ಸುತ್ತೋಲೆ ಹೊರಡಿಸ್ಯಾರೆ. ಯುಪಿಐನಾಗೆ ಅಂಗಡಿಗೆ ಕೊಟ್ಟ ದುಡ್ಡು ಕಟ್ ಆಗಿ, ಅಂಗಡಿಗೆ ಖಾತ್ರಿ ಬರದಿದ್ರೆ ಐದು ದಿನದೊಳಗೆ ತಾನಾಗೇ ವಾಪಸ್ ಬರಬೇಕು. ಒಬ್ಬರಿಂದ ಇನ್ನೊಬ್ಬರ ಖಾತೆಗೆ ಕಳಿಸಿದ್ದು ಮುಟ್ಟದಿದ್ರೆ ಒಂದೇ ದಿನ. ಅದಕ್ಕೂ ತಡ ಆದ್ರೆ ದಿನಕ್ಕೆ 100 ರೂಪಾಯಿ ಪರಿಹಾರ. ಇದನ್ನ ನಾವು ಅರ್ಜಿ ಕೊಟ್ಟು ಕೇಳಬೇಕು ಅಂತಿಲ್ಲ, ಅವರೇ ಹಾಕಬೇಕು. ಇನ್ನೊಂದು ಮಾತು: ಅಲ್ಲಿ ಲೆಕ್ಕ ಕ್ಯಾಲೆಂಡರ್ ದಿನದ್ದು. ಭಾನುವಾರಾನೂ ಸೇರ್ತೈತೆ. ಹಂಗಾದ್ರೆ ಈ "ಏಳು ವರ್ಕಿಂಗ್ ಡೇ" ಎಲ್ಲಿಂದ ಬಂತು? ನಾವು ಕೇಳೋದಿಲ್ಲ ಅನ್ನೋ ಧೈರ್ಯದಿಂದ ಬಂತು.

ಒಂದು ಎಚ್ಚರ ಇರಲಿ. ಇದು ಕೆಟ್ಟು ನಿಂತ ಪಾವತಿಗಷ್ಟೇ. ಯಾರಾದ್ರೂ ಮೋಸ ಮಾಡಿ ದುಡ್ಡು ಎಳಕೊಂಡಿದ್ರೆ ಒಂದು ಗಳಿಗೆನೂ ಕಾಯದೆ 1930ಕ್ಕೆ ಫೋನ್ ಮಾಡ್ರಿ.

ನನ್ನ ದುಡ್ಡು 17ನೇ ದಿನಕ್ಕೆ ಬಂತು, ಬರೀ 1,840. ಐದು ದಿನ ಕಳೆದ್ರೆ 12 ದಿನ ತಡ, 1,200 ರೂಪಾಯಿ ಬಾಕಿ. ಕೇಳಿದ್ದಕ್ಕೆ "ಅಸಲು ಬಂತಲ್ಲ ತಾಯಿ" ಅಂದ್ರು. ಬಾಯಿಮಾತು ಬಿಟ್ಟು ಕಾಗದ ಬರೆದೆ. ತಾರೀಖು, ಮೊತ್ತ, ವ್ಯವಹಾರದ ನಂಬರು, ಸುತ್ತೋಲೆಯ ಹೆಸರು ಎಲ್ಲ ಹಾಕಿ, ನಕಲಿನ ಮೇಲೆ ಸೀಲು ಒತ್ತಿಸಿಕೊಂಡೆ. ಸೀಲು ಕೇಳಿದ ಕೂಡಲೇ ಅವರ ದನಿ ಬದಲಾತು ನೋಡ್ರಿ!

ಮೂವತ್ತು ದಿನದೊಳಗೆ ಉತ್ತರ ಬರದಿದ್ರೆ, ಬಂದ ಉತ್ತರ ಸರಿಯಿಲ್ಲದಿದ್ರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಖರ್ಚಿಲ್ಲ, ವಕೀಲರು ಬೇಕಾಗಿಲ್ಲ. 14448ಕ್ಕೆ ಫೋನ್ ಮಾಡಿದ್ರೆ ಕನ್ನಡದಾಗೇ ದಾರಿ ಹೇಳ್ತಾರೆ. ಇಲ್ಲಾಂದ್ರೆ ದಾವಣಗೆರೆಯಾಗೆ ಜಿಲ್ಲಾ ಗ್ರಾಹಕರ ಆಯೋಗ ಐತೆ. 2019ರ ಕಾಯ್ದೆ ಪ್ರಕಾರ ನಾವು ವಾಸ ಇರೋ ಜಿಲ್ಲೆಯಾಗೇ ದೂರು ಹಾಕಬಹುದು, ಕಂಪನಿ ಎಲ್ಲೇ ಇರಲಿ. ಒಂದೇ ತಕರಾರನ್ನ ಎರಡೂ ಕಡೆ ಒಟ್ಟಿಗೆ ಒಯ್ಯಬ್ಯಾಡ್ರಿ ಅಷ್ಟೇ.

"1,200 ರೂಪಾಯಿಗೆ ಇಷ್ಟು ಗಲಾಟೆನಾ" ಅಂತ ನಮ್ಮ ಯಜಮಾನ್ರೂ ನಕ್ಕರು. ನಗಲಿ. ನಾನು ಬಿಟ್ಟ 1,200, ನೀವು ಬಿಟ್ಟ 300, ತಂಗಿ ಬಿಟ್ಟ 500 ಎಲ್ಲ ಸೇರಿದ್ರೆ ಅವರಿಗೆ ಅದು ಸಣ್ಣ ದುಡ್ಡಲ್ಲ. ಸೀಲು ಹಾಕಿದ ನಕಲು ನನ್ನ ಬ್ಯಾಳೆ ಡಬ್ಬಿ ಹಿಂದೆ ಐತೆ. ಬರೋ ಬುಧವಾರಕ್ಕೆ ಮೂವತ್ತು ದಿನ ತುಂಬ್ತೈತೆ. ಗುರುವಾರ ಬೆಳಿಗ್ಗೆ ಒಲೆ ಹಚ್ಚೋಕೆ ಮುಂಚೆ ಫೋನ್ ಹಚ್ತೀನಿ.